ನಿಜವಾದ ಪ್ಯಾರಾಟ್ರೂಪರ್ ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಅಜ್ಜರಕಾಡು ಮೈದಾನಕ್ಕೆ ಬೆಳಿಗ್ಗೆ ಆರ್ಮಿ ರ‍್ಯಾಲಿಗೆ ಅಂತ ಓಡ್ಲಿಕ್ಕೆ ಬರುವ ಹುಡುಗರು, ಅವರನ್ನು ಬಿಡ್ಲಿಕ್ಕೆ ಬರುವ ಅಪ್ಪ ಅಮ್ಮ, ಮತ್ತೆ ಮಂಗಳೂರು ಕಡೆಯಿಂದ ಫೋನ್ ಮಾಡುವವರು, ಎಲ್ಲರೂ ಕೇಳುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳು. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಪ್ಯಾರಾಶೂಟ್ ರೆಜಿಮೆಂಟಿನವ ಅಲ್ಲ, ಆಗ್ರಾದ ಪ್ಯಾರಾ ಬ್ರಿಗೇಡಲ್ಲಿ ಸಿಗ್ನಲ್ಸ್ ಕೆಲಸ ಮಾಡಿ ರಿಟೈರ್ ಆಗಿ ಈಗ ಊರಲ್ಲಿರುವವ. ಇದನ್ನು ಮೊದಲೇ ಹೇಳುದು ಯಾಕಂದ್ರೆ "ನಿಜವಾದ ಪ್ಯಾರಾ ಯಾರು" ಅನ್ನುವ ಪ್ರಶ್ನೆ ನಮ್ಮಂತವರಿಗೂ ತಾಗ್ತದೆ.

ವಿಮಾನದಿಂದ ಪ್ಯಾರಾಶೂಟ್ ಹಾಕಿ ಹಾರಿದವರೆಲ್ಲ ಪ್ಯಾರಾಟ್ರೂಪರಾ?

ಅಲ್ಲ. ಮಲ್ಪೆಯಲ್ಲಿ ಬೋಟ್ ಹತ್ತಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದವರನ್ನೆಲ್ಲ ನಾವು ಮೀನುಗಾರರು ಅಂತ ಹೇಳ್ತೇವಾ? ಹಾರುದು ಕೆಲಸದ ಜಾಗಕ್ಕೆ ಮುಟ್ಟುವ ಒಂದು ದಾರಿ ಅಷ್ಟೆ, ಕೆಲಸ ಶುರು ಆಗುದು ಕಾಲು ನೆಲಕ್ಕೆ ತಾಗಿದ ಮೇಲೆ. ಪ್ಯಾರಾಟ್ರೂಪರ್ ಅಂದ್ರೆ ಶತ್ರುವಿನ ಹಿಂಬದಿಗೆ, ನಾಲ್ಕೂ ಸುತ್ತ ಶತ್ರು ಇರುವ ಜಾಗಕ್ಕೆ, ಗೊತ್ತಿದ್ದೂ ಇಳಿಯುವ ಸೈನಿಕ. ಬೇರೆ ಇನ್‌ಫೆಂಟ್ರಿ ಬೆಟಾಲಿಯನ್ನಿಗೆ ಶತ್ರು ಸುತ್ತುವರಿದ್ರೆ ಅದು ಸಂಕಟ, ಪ್ಯಾರಾ ಬೆಟಾಲಿಯನ್ನಿಗೆ ಅದು ಪ್ಲ್ಯಾನಿನಲ್ಲೇ ಬರೆದಿರುವ ವಿಷಯ. ಬೆನ್ನ ಮೇಲೆ ಎಷ್ಟು ಹೊರ್ಲಿಕ್ಕೆ ಆಗ್ತದೋ ಅಷ್ಟೇ ಊಟ, ಅಷ್ಟೇ ಮದ್ದುಗುಂಡು, ಹಿಂದಿಂದ ಲಾರಿ ಬರುದಿಲ್ಲ, ಸೈನ್ಯದ ಉಳಿದ ಭಾಗ ಬಂದು ಸೇರುವ ತನಕ ಹಿಡಿದ ಜಾಗ ಬಿಡ್ಲಿಕ್ಕಿಲ್ಲ. ಈ ಪರಿಸ್ಥಿತಿಯಲ್ಲಿ ನಿಂತು ಕೆಲಸ ಮಾಡುವ ತಾಕತ್ತು ಮತ್ತು ಮನಸ್ಸು ಇದ್ದವ ಪ್ಯಾರಾ. ಕೆಳಗೆ ಬರೆದದ್ದೆಲ್ಲ ಇದರ ಮೇಲೆಯೇ ನಿಂತಿರುದು.

ವಿಂಗ್ಸ್ ಸಿಗುದು ಹೇಗೆ?

ಆಗ್ರಾದಲ್ಲಿ ಏರ್‌ಫೋರ್ಸ್ ನಡೆಸುವ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲ್ ಉಂಟು, ಎಲ್ಲರೂ ಪಿಟಿಎಸ್ ಅಂತ ಹೇಳುದು. ಮೊದಲು ಇದು ರಾವಲ್ಪಿಂಡಿ ಹತ್ತಿರದ ಚಕ್ಲಾಲಾದಲ್ಲಿತ್ತು, 1947ರ ವಿಭಜನೆಯ ನಂತರ ಆಗ್ರಾಕ್ಕೆ ಬಂತು. ಆರ್ಮಿ, ನೇವಿ, ಏರ್‌ಫೋರ್ಸ್ ಯಾರೇ ಇರ್ಲಿ, ಬೇಸಿಕ್ ಕೋರ್ಸಲ್ಲಿ ಐದು ಜಂಪ್ ಮಾಡ್ಬೇಕು, ಅದರಲ್ಲಿ ಒಂದು ರಾತ್ರಿಯದ್ದು. ಐದೂ ಸರಿಯಾಗಿ ಆದ್ರೆ ಎದೆಗೆ ವಿಂಗ್ಸ್, ಅಂದ್ರೆ ರೆಕ್ಕೆಯ ಗುರುತಿನ ಬ್ಯಾಡ್ಜ್.

ಜಂಪಿಗೆ ಮೊದಲು ನೆಲದ ಮೇಲೆಯೇ ವಾರಗಟ್ಟಲೆ ಅಭ್ಯಾಸ. ವಿಮಾನದ ಹೊಟ್ಟೆಯ ಹಾಗೆ ಕಟ್ಟಿದ ಮಾದರಿಯೊಳಗೆ ಸಾಲಾಗಿ ಕೂತು, ಎದ್ದು, ಹುಕ್ ಹಾಕಿ, ಬಾಗಿಲಿಂದ ಹೊರಗೆ ಹೋಗುದು, ಇದನ್ನೇ ಮತ್ತೆ ಮತ್ತೆ ಮತ್ತೆ. ಬೆಲ್ಟಲ್ಲಿ ನೇತಾಡಿ ಪ್ಯಾರಾಶೂಟ್ ತಿರುಗಿಸುದು ಹೇಗೆ ಅಂತ ಕಲಿಯುದು, ಮತ್ತೆ ಎಲ್ಲಕ್ಕಿಂತ ಹೆಚ್ಚು ಲ್ಯಾಂಡಿಂಗ್ ರೋಲ್. ಎರಡೂ ಕಾಲು ಜೋಡಿಸಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಗಲ್ಲ ಎದೆಗೆ ಒತ್ತಿ, ನೆಲ ತಾಗಿದ ಕೂಡ್ಲೇ ಪಾದ, ಮೀನಖಂಡ, ತೊಡೆ, ಸೊಂಟ, ಬೆನ್ನು ಅಂತ ಪೆಟ್ಟನ್ನು ಹಂಚಿಕೊಂಡು ಉರುಳುದು. ಈ ರೋಲ್ ಮೈಯಲ್ಲಿ ಕೂರುವ ತನಕ ಇನ್‌ಸ್ಟ್ರಕ್ಟರ್ ಬಿಡುದಿಲ್ಲ, ಕಾಲು ಮುರಿಯುದು ಆಕಾಶದಲ್ಲಲ್ಲ, ನೆಲದಲ್ಲಿ.

ಪ್ಯಾರಾಶೂಟ್ ನಾವೇ ಎಳೆದು ತೆರೆಯುದಾ?

ಬೇಸಿಕ್ ಜಂಪಲ್ಲಿ ಇಲ್ಲ. ಅದು ಸ್ಟ್ಯಾಟಿಕ್ ಲೈನ್. ವಿಮಾನದೊಳಗೆ ಉದ್ದಕ್ಕೆ ಒಂದು ಕೇಬಲ್ ಇರ್ತದೆ, ನಮ್ಮ ಪ್ಯಾರಾಶೂಟಿನ ಪಟ್ಟಿಯ ಹುಕ್ ಅದಕ್ಕೆ ಹಾಕಿರ್ತೇವೆ, ಹೊರಗೆ ಹಾರಿದ ಕೂಡ್ಲೇ ಪಟ್ಟಿ ಎಳೆದು ಪ್ಯಾರಾಶೂಟನ್ನು ತೆರೆಸ್ತದೆ. ಕೆಂಪು ಲೈಟ್ ಇದ್ರೆ ತಯಾರಾಗಿ ನಿಲ್ಲುದು, ಹಸಿರು ಬಂದ್ರೆ ಒಬ್ಬರ ಹಿಂದೆ ಒಬ್ಬರು ಹೋಗುದು. ಎತ್ತರ ಸಾಮಾನ್ಯವಾಗಿ 1,250 ಅಡಿ, ಕೆಳಗೆ ಮುಟ್ಲಿಕ್ಕೆ ಒಂದು ನಿಮಿಷದ ಆಸುಪಾಸು. ಅಷ್ಟರೊಳಗೆ ಮೇಲೆ ನೋಡಿ ಕ್ಯಾನೊಪಿ ಪೂರ್ತಿ ಅರಳಿದೆಯಾ ಅಂತ ಖಾತ್ರಿ ಮಾಡ್ಬೇಕು, ಅರಳದಿದ್ರೆ ಎದೆ ಮೇಲಿರುವ ರಿಸರ್ವ್ ತೆರೆಯಬೇಕು, ಅಕ್ಕಪಕ್ಕದವ ಡಿಕ್ಕಿ ಆಗದ ಹಾಗೆ ನೋಡ್ಬೇಕು, ಗಾಳಿ ಎಲ್ಲಿಂದ ಬರ್ತದೆ ನೋಡ್ಬೇಕು, ಭಾರದ ಬ್ಯಾಗ್ ಇದ್ರೆ ಹಗ್ಗದಲ್ಲಿ ಕೆಳಗೆ ಇಳಿಬಿಡ್ಬೇಕು, ಕಾಲು ಜೋಡಿಸ್ಬೇಕು. ಇಳಿದ ಮೇಲೂ ಗಾಳಿ ಜೋರಿದ್ರೆ ಕ್ಯಾನೊಪಿ ದರದರ ಎಳ್ಕೊಂಡು ಹೋಗ್ತದೆ, ಬೇಗ ಎದ್ದು ಅದರ ಸುತ್ತ ಓಡಿ ಮಡಚಬೇಕು. ವಿಡಿಯೋದಲ್ಲಿ ಕಾಣುವ ಹಾಗೆ ತೇಲುವ ಆರಾಮ ಅದರಲ್ಲಿ ಇಲ್ಲ.

ಹತ್ತು ಸಾವಿರ ಅಡಿಗಿಂತ ಮೇಲಿಂದ ಹಾರಿ, ಸುಮಾರು ಹೊತ್ತು ಬಿದ್ದು, ಮತ್ತೆ ತಾನೇ ತೆರೆಯುವ ಫ್ರೀಫಾಲ್ ಬೇರೆ ಕೋರ್ಸ್. ಸ್ಪೆಷಲ್ ಫೋರ್ಸಸಿನವರು, ದಾರಿ ತೋರಿಸ್ಲಿಕ್ಕೆ ಮೊದಲು ಇಳಿಯುವ ಪಾಥ್‌ಫೈಂಡರ್‌ಗಳು ಅದನ್ನು ಮಾಡ್ತಾರೆ. ತುಂಬ ಮೇಲೆ ಹೋದ್ರೆ ಆಕ್ಸಿಜನ್ ಮಾಸ್ಕ್ ಕೂಡ ಬೇಕು.

ಹೆದರಿಕೆ ಆಗುದಿಲ್ವಾ?

ಆಗ್ತದೆ. ಆಗುದೇ ಇಲ್ಲ ಅನ್ನುವವರ ಪಕ್ಕ ಕೂತು ಹಾರ್ಲಿಕ್ಕೆ ನನಗೆ ಇಷ್ಟ ಇಲ್ಲ. ಮೊದಲ ಜಂಪಿಗಿಂತ ಎರಡನೆಯದ್ದು ಕಷ್ಟ ಅಂತ ಸುಮಾರು ಜನ ಹೇಳ್ತಾರೆ, ಮೊದಲನೆಯದ್ದಕ್ಕೆ ಎಂತ ಆಗ್ತದೆ ಅಂತಲೇ ಗೊತ್ತಿರುದಿಲ್ಲ, ಎರಡನೆಯದ್ದಕ್ಕೆ ಚೆನ್ನಾಗಿ ಗೊತ್ತಿರ್ತದೆ. ರಾತ್ರಿ ಜಂಪಲ್ಲಿ ನೆಲ ಎಲ್ಲುಂಟು ಅಂತ ಕಾಣುದಿಲ್ಲ, ಕಾಲು ಜೋಡಿಸಿ ಕಾಯುದು ಮಾತ್ರ. ಬಾಗಿಲಲ್ಲಿ ನಿಂತು ಹಾರ್ಲಿಕ್ಕೆ ಆಗುದಿಲ್ಲ ಅಂತ ಹೇಳಿದವನನ್ನು ಕೆಟ್ಟ ಸೈನಿಕ ಅಂತ ಹೇಳ್ಲಿಕ್ಕಾಗುದಿಲ್ಲ, ಬೇರೆ ಕಡೆ ಅವ ಬಹಳ ಒಳ್ಳೆ ಸೈನಿಕ ಆಗಿರಬಹುದು. ಆದ್ರೆ ಪ್ಯಾರಾದಲ್ಲಿ ಅವನಿಗೆ ಜಾಗ ಇಲ್ಲ, ಯಾಕಂದ್ರೆ ಅವನ ಹಿಂದೆ ಸಾಲಲ್ಲಿ ನಿಂತವರೆಲ್ಲ ಅವ ಹೋದ ಮೇಲೆ ಹೋಗ್ಬೇಕಾದವರು. ಒಂದೆರಡು ಸೆಕೆಂಡ್ ತಡ ಆದ್ರೆ ಹಿಂದಿನವರು ಇಳಿಯುವ ಜಾಗ ದಾಟಿ ಹೋಗಿ ಬೀಳ್ತಾರೆ. ಇದಕ್ಕೇ ಪ್ಯಾರಾಗೆ ಯಾರನ್ನೂ ಒತ್ತಾಯ ಮಾಡಿ ಕಳಿಸುದಿಲ್ಲ, ಸ್ವ ಇಚ್ಛೆಯಿಂದ ಬಂದವರು ಮಾತ್ರ.

ಹಾಗಾದ್ರೆ ವಿಂಗ್ಸ್ ಸಿಕ್ಕಿದ ಮೇಲೆ ಅವ ಪ್ಯಾರಾ ಅಲ್ವಾ? ಮರೂನ್ ಟೋಪಿ?

ದೊಡ್ಡ ಚರ್ಚೆ ಇರುದು ಇಲ್ಲೇ. ವಿಂಗ್ಸ್ ಬೇರೆ, ಮರೂನ್ ಟೋಪಿ ಬೇರೆ. ಆ ಟೋಪಿಗೆ ಬೆರೆ ಅಂತ ಹೇಳುದು. ವಿಂಗ್ಸ್ ಅಂದ್ರೆ ನೀವು ಹಾರ್ಲಿಕ್ಕೆ ಕಲ್ತಿದ್ದೀರಿ ಅಂತ. ಬೆರೆ ಅಂದ್ರೆ ನೀವು ಏರ್‌ಬೋರ್ನ್ ಯೂನಿಟಿನವರು, ಅಲ್ಲಿ ಪರೀಕ್ಷೆ ಪಾಸಾಗಿ ಉಳ್ಕೊಂಡವರು ಅಂತ. ಮರೂನ್ ಬಣ್ಣ 1942ರಲ್ಲಿ ಬ್ರಿಟಿಷ್ ಏರ್‌ಬೋರ್ನಿನವರು ಹಾಕ್ಲಿಕ್ಕೆ ಶುರು ಮಾಡಿದ್ದು, ಈಗ ಪ್ರಪಂಚದ ಸುಮಾರು ದೇಶಗಳ ಪ್ಯಾರಾದವರು ಅದನ್ನೇ ಹಾಕ್ತಾರೆ.

ಪ್ಯಾರಾ ರೆಜಿಮೆಂಟಿನ ಟ್ರೈನಿಂಗ್ ಸೆಂಟರ್ ಇರುದು ಬೆಂಗಳೂರಲ್ಲೇ, ಜೆ.ಸಿ. ನಗರದಲ್ಲಿ. 1992ರಲ್ಲಿ ಆಗ್ರಾದಿಂದ ಅಲ್ಲಿಗೆ ಬಂತು. ಅಗ್ನಿವೀರರೂ ಈಗ ಅಲ್ಲಿ ತಯಾರಾಗ್ತಾರೆ. ನೇರ ಅಲ್ಲಿಗೆ ಸೇರಿದವರಿರ್ಲಿ, ಬೇರೆ ರೆಜಿಮೆಂಟಿಂದ ವಾಲಂಟಿಯರ್ ಆಗಿ ಬಂದವರಿರ್ಲಿ, ಪ್ರೊಬೇಷನ್ ಮುಗಿಸಬೇಕು. 90 ದಿನದ ಪ್ರೊಬೇಷನ್ ಅಂತಲೇ ಅದು ಹೆಸರಾದದ್ದು. ಭಾರ ಹೊತ್ತು ಸ್ಪೀಡ್ ಮಾರ್ಚ್, ನಿದ್ದೆ ಕೊಡದೆ ಕೆಲಸ, ಹಸಿವೆ, ಮ್ಯಾಪ್ ಹಿಡಿದು ರಾತ್ರಿ ಒಬ್ಬನೇ ದಾರಿ ಹುಡುಕುದು, ಫೈರಿಂಗ್, ಗಾಯ ಆದವನನ್ನು ಹೊತ್ತು ಓಡುದು, ಮೈ ಸುಸ್ತಾಗಿ ಬಿದ್ದಿರುವಾಗ ತಲೆ ಓಡಿಸುವ ಲೆಕ್ಕ ಕೊಡುದು, ಒಟ್ಟಿಗಿರುವ ಟೀಮಿನವ ನಿಂತ್ರೆ ನೀವೆಂತ ಮಾಡ್ತೀರಿ ಅಂತ ನೋಡುದು. ಯಾವಾಗ ಬೇಕಾದ್ರೂ "ಸಾಕು" ಅಂತ ಹೇಳಿ ವಾಪಸ್ ಹೋಗಬಹುದು, ಯಾರೂ ತಡೆಯುದಿಲ್ಲ. ಆಗದವರನ್ನು ಅವರ ಮೂಲ ಯೂನಿಟಿಗೆ ಕಳಿಸ್ತಾರೆ, ಅದಕ್ಕೆ ಆರ್‌ಟಿಯು ಅಂತ ಹೇಳುದು. ವಾಪಸ್ ಹೋಗುವವರೇ ಹೆಚ್ಚು.

ನನ್ನ ಅಭಿಪ್ರಾಯ ಕೇಳಿದ್ರೆ, ಯಾವಾಗ ಬೇಕಾದ್ರೂ ಹೋಗಬಹುದು ಅನ್ನುವ ಆ ಬಾಗಿಲೇ ಅಲ್ಲಿನ ಅತಿ ದೊಡ್ಡ ಪರೀಕ್ಷೆ. ಓಡ್ಲಿಕ್ಕೆ ಬೈದು ಓಡಿಸಬಹುದು, ಇರ್ಲಿಕ್ಕೆ ಬೈದು ಇರಿಸ್ಲಿಕ್ಕೆ ಆಗುದಿಲ್ಲ. ಬೆಳಗ್ಗಿನ ಜಾವ ಮೂರು ಗಂಟೆಗೆ ಕಾಲು ಸುಲಿದು ರಕ್ತ ಬರ್ತಿರುವಾಗ, ಯಾರೂ ನೋಡದಿದ್ದಾಗ, ಹೋಗಬಹುದಾದ ದಾರಿ ತೆರೆದಿದ್ದಾಗ, ಅವ ಇರ್ತಾನಾ?

ಬೆರೆ ಸಿಕ್ಕಿದ ಮೇಲೂ ಮುಗಿಯುದಿಲ್ಲ. ಫಿಟ್‌ನೆಸ್ ಉಳಿಸ್ಕೊಳ್ಬೇಕು, ರಿಫ್ರೆಶರ್ ಜಂಪ್ ಮಾಡ್ತಾ ಇರ್ಬೇಕು. ಒಂದು ಸಲ ಪಾಸಾಗಿ ಹತ್ತು ವರ್ಷ ಹೊಟ್ಟೆ ಬಿಟ್ಕೊಂಡು ಅದೇ ಹೆಸರಲ್ಲಿ ಇರ್ಲಿಕ್ಕೆ ಆಗುವ ಕೆಲಸ ಅಲ್ಲ ಇದು.

ಪ್ಯಾರಾ, ಪ್ಯಾರಾ ಎಸ್‌ಎಫ್, ಬ್ಲ್ಯಾಕ್ ಕ್ಯಾಟ್, ಪ್ಯಾರಾಮಿಲಿಟರಿ ಎಲ್ಲ ಒಂದೇ ಅಲ್ವಾ?

ಒಂದೇ ಅಲ್ಲ. ಮಂಗಳೂರು ಏರ್‌ಪೋರ್ಟಲ್ಲಿ ಕಾಣುವ ಸಿಐಎಸ್‌ಎಫ್‌ನವರು, ಬಿಎಸ್‌ಎಫ್, ಸಿಆರ್‌ಪಿಎಫ್, ಇವರನ್ನು ಜನ ಪ್ಯಾರಾಮಿಲಿಟರಿ ಅಂತ ಹೇಳ್ತಾರೆ, ಅದಕ್ಕೂ ಪ್ಯಾರಾಶೂಟಿಗೂ ಸಂಬಂಧ ಇಲ್ಲ, ಅವು ಗೃಹ ಇಲಾಖೆಯ ಕೆಳಗೆ ಬರುವ ಪಡೆಗಳು.

ಪ್ಯಾರಾಶೂಟ್ ರೆಜಿಮೆಂಟಲ್ಲಿ ಎರಡು ತರದ ಬೆಟಾಲಿಯನ್ ಉಂಟು. ಒಂದು ಏರ್‌ಬೋರ್ನ್, ಅಂದ್ರೆ ದೊಡ್ಡ ಸಂಖ್ಯೆಯಲ್ಲಿ ಇಳಿದು ಸೇತುವೆ, ಏರ್‌ಫೀಲ್ಡ್ ತರದ್ದನ್ನು ಹಿಡಿದು ಇಟ್ಕೊಳ್ಳುವವರು. ಇನ್ನೊಂದು ಸ್ಪೆಷಲ್ ಫೋರ್ಸಸ್, ಸಣ್ಣ ಸಣ್ಣ ಟೀಮಲ್ಲಿ ಒಳಗೆ ಹೋಗಿ ಕೆಲಸ ಮುಗಿಸಿ ಬರುವವರು. ಬಲಿದಾನ್ ಬ್ಯಾಡ್ಜ್ ಹಾಕುದು ಎಸ್‌ಎಫ್‌ನವರು ಮಾತ್ರ. ಇದರ ಬೇರು 1965ರಲ್ಲಿ ಮೇಜರ್ ಮೇಘ ಸಿಂಗ್ ಕಟ್ಟಿದ ಮೇಘದೂತ್ ಫೋರ್ಸಲ್ಲಿ ಉಂಟು, 1966ರಲ್ಲಿ 9 ಪ್ಯಾರಾ, ಮಾರನೇ ವರ್ಷ 10 ಪ್ಯಾರಾ ಆಯ್ತು. 2016ರ ಸರ್ಜಿಕಲ್ ಸ್ಟ್ರೈಕಿಗೆ ಹೋದವರು 4 ಮತ್ತು 9 ಪ್ಯಾರಾ ಎಸ್‌ಎಫ್‌ನವರು.

ಬ್ಲ್ಯಾಕ್ ಕ್ಯಾಟ್ ಅಂದ್ರೆ ಎನ್‌ಎಸ್‌ಜಿ, ಬೇರೆಯೇ ಪಡೆ. 2008ರಲ್ಲಿ ಮುಂಬೈ ತಾಜ್ ಹೋಟೆಲಲ್ಲಿ ಹುತಾತ್ಮರಾದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರನ್ನು ಸುಮಾರು ಜನ ಪ್ಯಾರಾ ಕಮಾಂಡೋ ಅಂತ ಬರೀತಾರೆ. ಅವರು ಬಿಹಾರ್ ರೆಜಿಮೆಂಟಿನಿಂದ ಎನ್‌ಎಸ್‌ಜಿಗೆ ಹೋದವರು. ಅವರ ದೊಡ್ಡತನಕ್ಕೆ ಪ್ಯಾರಾ ಹೆಸರು ಸೇರಿಸುವ ಅಗತ್ಯ ಇಲ್ಲ.

ನಮ್ಮ ಪ್ಯಾರಾದವರು ಯುದ್ಧದಲ್ಲಿ ನಿಜವಾಗಿ ಹಾರಿದ್ದಾರಾ?

ಹಾರಿದ್ದಾರೆ, ಆದ್ರೆ ಸ್ವತಂತ್ರ ಭಾರತದಲ್ಲಿ ದೊಡ್ಡ ಮಟ್ಟದ ಜಂಪ್ ಅಂದ್ರೆ ಟಾಂಗೈಲ್. 1971ರ ಡಿಸೆಂಬರ್ 11, ಸಂಜೆ ಹೊತ್ತು. ಈಗಿನ ಬಾಂಗ್ಲಾದೇಶದ ಟಾಂಗೈಲ್ ಹತ್ತಿರ 2 ಪ್ಯಾರಾದ ಬೆಟಾಲಿಯನ್ ಗ್ರೂಪ್ ಇಳಿಯಿತು, ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಕುಲ್ವಂತ್ ಸಿಂಗ್ ಪನ್ನು. ಉತ್ತರದಿಂದ ಢಾಕಾ ಕಡೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನದ ಬ್ರಿಗೇಡನ್ನು ದಾರಿಯಲ್ಲೇ ತಡೆಯುದು, ಅದಕ್ಕೆ ಪೂಂಗ್ಲಿ ಸೇತುವೆ ಹಿಡಿಯುದು, ಇದು ಕೆಲಸ. ಇಳಿಯುವಾಗ ಜನ, ಸಾಮಾನು ಎಲ್ಲ ಅಲ್ಲಿ ಇಲ್ಲಿ ಚದುರಿತು, ಪ್ಯಾರಾ ಜಂಪಲ್ಲಿ ಅದು ಮಾಮೂಲು. ಸಿಕ್ಕಿದವರು ಸಿಕ್ಕಿದವರ ಜೊತೆ ಸೇರಿದ್ರು, ಊರಿನ ಜನ ಸಾಮಾನು ಹೊತ್ತು ತಂದು ಕೊಟ್ಟರು, ಅದೇ ದಿನ ಸಂಜೆ ಸೇತುವೆ ಕೈಗೆ ಬಂತು. ರಾತ್ರಿಯಿಡೀ ಹಿಂದೆ ಬರುವ ಶತ್ರು ಅವರ ಮೇಲೆ ಬಿದ್ದ, ಅವರು ಬಿಡ್ಲಿಲ್ಲ. ಮಾರನೇ ದಿನ ನೆಲದ ದಾರಿಯಲ್ಲಿ ಬಂದು ಅವರನ್ನು ಸೇರಿದ್ದು 1 ಮರಾಠಾ ಲೈಟ್ ಇನ್‌ಫೆಂಟ್ರಿ. 2 ಪ್ಯಾರಾದ ಮೂಲವೂ ಮರಾಠಾ ಬೆಟಾಲಿಯನ್, ಮರಾಠಾ ಸೆಂಟರ್ ಇರುದು ನಮ್ಮ ಬೆಳಗಾವಿಯಲ್ಲಿ. ಡಿಸೆಂಬರ್ 16ರಂದು ಢಾಕಾ ಪೇಟೆಯೊಳಗೆ ಮೊದಲು ಹೋದವರು ಇದೇ 2 ಪ್ಯಾರಾದವರು. ಆ ಚದುರಿದ ಹೊತ್ತನ್ನು ಯೋಚನೆ ಮಾಡಿ, ಕತ್ತಲೆ, ಅಪರಿಚಿತ ಗದ್ದೆ, ಪಕ್ಕದಲ್ಲಿ ನಿಮ್ಮ ಆಫೀಸರ್ ಇಲ್ಲ, ನೀವೊಬ್ಬ ಲ್ಯಾನ್ಸ್ ನಾಯಕ್, ಆದ್ರೂ ಸೇತುವೆ ಯಾವ ದಿಕ್ಕಿಗೆ, ಅಲ್ಲಿ ಹೋಗಿ ಎಂತ ಮಾಡ್ಬೇಕು ಅಂತ ನಿಮಗೆ ಗೊತ್ತುಂಟು, ನೀವು ಹೊರಡ್ತೀರಿ. ಆದೇಶ ಕೊಡುವವ ಇಲ್ಲದಿದ್ರೂ ಕೆಲಸ ನಿಲ್ಲದ ಹಾಗೆ ಪ್ರತಿಯೊಬ್ಬ ಜವಾನನಿಗೂ ಪೂರ್ತಿ ಪ್ಲ್ಯಾನ್ ತಲೆಯಲ್ಲಿ ಇರ್ಬೇಕು, ಪ್ಯಾರಾ ಟ್ರೈನಿಂಗಿನ ಅರ್ಧ ಭಾಗ ಇದಕ್ಕಾಗಿಯೇ ಇರುದು.

ಹಾರದೆ ಹೋರಾಡಿದ್ದು?

ಅದೇ ಹೆಚ್ಚು! 1944ರ ಮಾರ್ಚಲ್ಲಿ 50ನೇ ಇಂಡಿಯನ್ ಪ್ಯಾರಾಶೂಟ್ ಬ್ರಿಗೇಡ್ ಮಣಿಪುರದ ಸಂಗ್ಶಾಕಲ್ಲಿ ಜಪಾನಿಯರನ್ನು ಸುಮಾರು ಒಂದು ವಾರ ತಡೆದು ನಿಲ್ಲಿಸಿತು, ಒಬ್ಬರೂ ಹಾರಿ ಬಂದವರಲ್ಲ. ನೀರಿಲ್ಲ, ವಿಮಾನದಿಂದ ಪ್ಯಾರಾಶೂಟಲ್ಲಿ ಹಾಕಿದ ಸಾಮಾನು ಹೆಚ್ಚಿನದ್ದು ಶತ್ರುವಿನ ಕೈಗೇ ಹೋಯ್ತು, ಆದ್ರೂ ನಿಂತರು. ಅವರು ಕೊಡಿಸಿದ ಆ ದಿನಗಳಲ್ಲಿ ಕೊಹಿಮಾ ಇಂಫಾಲದಲ್ಲಿ ತಯಾರಿಗೆ ಟೈಮ್ ಸಿಕ್ಕಿತು. 1965ರ ಆಗಸ್ಟ್ 28ರಂದು ಹಾಜಿಪೀರ್ ಪಾಸ್ ಹಿಡಿದ ಮೇಜರ್ ರಂಜಿತ್ ಸಿಂಗ್ ದಯಾಲ್ ಅವರ 1 ಪ್ಯಾರಾದವರು ರಾತ್ರಿ ಮಳೆಯಲ್ಲಿ ಗುಡ್ಡ ಹತ್ತಿ ಹೋದದ್ದು. 1971ರಲ್ಲಿ ಸಿಂಧ್ ಪ್ರಾಂತ್ಯದ ಛಾಛ್ರೋ ಮೇಲೆ ದಾಳಿ ಮಾಡಿದ 10 ಪ್ಯಾರಾದವರು ತಮ್ಮ ಕಮಾಂಡರ್ ಭವಾನಿ ಸಿಂಗ್ ಅವರ ಜೊತೆ ಮರುಭೂಮಿಯಲ್ಲಿ ಜೀಪ್ ಓಡಿಸ್ಕೊಂಡು ಹೋದವರು. 1988ರ ನವೆಂಬರ್ 3ಕ್ಕೆ ಮಾಲ್ಡೀವ್ಸಲ್ಲಿ ಬಾಡಿಗೆ ಬಂಟರು ಸರ್ಕಾರ ಉರುಳಿಸ್ಲಿಕ್ಕೆ ಹೊರಟಾಗ ಬ್ರಿಗೇಡಿಯರ್ ಬುಲ್ಸಾರಾ ಅವರ ಕೆಳಗೆ 6 ಪ್ಯಾರಾದವರು ಅದೇ ದಿನ ಆಗ್ರಾದಿಂದ ಐಎಲ್-76 ವಿಮಾನದಲ್ಲಿ ಹೊರಟು ಎರಡು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಹಾರಿ ರಾತ್ರಿ ಹುಲುಲೆ ರನ್‌ವೇಯಲ್ಲೇ ಇಳಿದರು.

ಈ ಜನರಲ್ಲಿ ಯಾರು ನಿಜವಾದ ಪ್ಯಾರಾ ಅಲ್ಲ ಅಂತ ಹೇಳ್ತೀರಿ? ಬೆನ್ನಲ್ಲಿ ಪ್ಯಾರಾಶೂಟ್ ಇರ್ಲಿಲ್ಲ ಅಷ್ಟೆ.

ಹಾಗಾದ್ರೆ ಈ ಕಾಲದಲ್ಲಿ ಹಾರ್ಲಿಕ್ಕೆ ಯಾಕೆ ಕಲಿಯುದು? ಹೆಲಿಕಾಪ್ಟರ್ ಉಂಟಲ್ಲ.

ಹೆಲಿಕಾಪ್ಟರ್ ದೂರ ಹೋಗುದಿಲ್ಲ, ನಿಧಾನ, ಒಂದರಲ್ಲಿ ಹಿಡಿಯುವ ಜನ ಕಡಿಮೆ. ಒಂದು ಇಡೀ ಬೆಟಾಲಿಯನ್ನನ್ನು ಸಾವಿರಾರು ಕಿಲೋಮೀಟರ್ ಆಚೆ, ರನ್‌ವೇ ಇಲ್ಲದ ಜಾಗಕ್ಕೆ, ಕೆಲವೇ ನಿಮಿಷದಲ್ಲಿ ಇಳಿಸ್ಲಿಕ್ಕೆ ಇನ್ನೂ ಪ್ಯಾರಾಶೂಟೇ ಗತಿ. ಎರಡನೇ ಕಾರಣ ನನಗೆ ಇನ್ನೂ ದೊಡ್ಡದು. ಬಾಗಿಲಿಂದ ಹೊರಗೆ ಕಾಲಿಡುದು ಅಂದ್ರೆ ಮೈ ಬೇಡ ಅಂತ ಹೇಳ್ತಿರುವಾಗ ಮನಸ್ಸು ಹೌದು ಅಂತ ಹೇಳುದು, ಮತ್ತೆ ಪ್ಯಾರಾಶೂಟ್ ಮಡಚಿಟ್ಟವನ ಮೇಲೆ, ಚೆಕ್ ಮಾಡಿದವನ ಮೇಲೆ ಪೂರ್ತಿ ನಂಬಿಕೆ ಇಡುದು. ಕರ್ನಲಿರ್ಲಿ ಜವಾನಿರ್ಲಿ ಹಾರುದು ಅದೇ ಬಾಗಿಲಿಂದ, ಆಫೀಸರ್ ಮೊದಲು ಹಾರುದೂ ಉಂಟು. ಹಾಗೆ ಒಟ್ಟಿಗೆ ಹಾರಿದ ಯೂನಿಟಲ್ಲಿ ಹುಟ್ಟುವ ಸಂಬಂಧ ಬೇರೆ ಕಡೆ ನಾನು ನೋಡ್ಲಿಲ್ಲ.

ಡಾಕ್ಟರ್, ಸಿಗ್ನಲ್ಸ್, ಇಂಜಿನಿಯರ್ಸ್, ಇವರೆಲ್ಲ ನಿಜವಾದ ಪ್ಯಾರಾನಾ?

ಇದಕ್ಕೆ ನನ್ನ ಉತ್ತರ ಒಂದು ಹೆಸರು, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. ಅವರು ಡಾಕ್ಟರ್. 1941ರಲ್ಲಿ ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಜೊತೆ ಪ್ಯಾರಾಶೂಟ್ ಜಂಪ್ ಮಾಡಿದ ಮೊದಲ ಭಾರತೀಯ ಸೈನಿಕರು ಅವರು. ಕೊರಿಯಾ ಯುದ್ಧಕ್ಕೆ 1950ರಲ್ಲಿ ಭಾರತ ಕಳಿಸಿದ್ದು ಬಂದೂಕು ಹಿಡಿದ ಬೆಟಾಲಿಯನ್ ಅಲ್ಲ, 60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್, ಕಮಾಂಡರ್ ಇದೇ ರಂಗರಾಜ್. 1951ರ ಮಾರ್ಚ್ 23ಕ್ಕೆ ಅಮೆರಿಕದ 187ನೇ ಏರ್‌ಬೋರ್ನಿನವರು ಮುನ್ಸಾನ್‌ನಿಯಲ್ಲಿ ಹಾರಿದಾಗ ನಮ್ಮ ಆಂಬುಲೆನ್ಸಿನ ಒಂದು ಸಣ್ಣ ತಂಡ ಕೂಡ ಅವರ ಜೊತೆ ಹಾರಿ, ಯುದ್ಧದ ಮಧ್ಯದಲ್ಲೇ ಆಪರೇಷನ್ ಮಾಡಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಿಕ್ಕಿತು. ಅದೇ ಯೂನಿಟ್ ಈಗ 60 ಪ್ಯಾರಾ ಫೀಲ್ಡ್ ಹಾಸ್ಪಿಟಲ್, 2023ರ ಫೆಬ್ರವರಿಯಲ್ಲಿ ಟರ್ಕಿ ಭೂಕಂಪ ಆದಾಗ ಆಗ್ರಾದಿಂದ ಹೋಗಿ ಇಸ್ಕೆಂದರೂನಲ್ಲಿ ಆಸ್ಪತ್ರೆ ಹಾಕಿ ಕೂತದ್ದು ಅವರೇ.

ಬ್ರಿಗೇಡಲ್ಲಿ ಆರ್ಟಿಲರಿ, ಇಂಜಿನಿಯರ್ಸ್, ಸಿಗ್ನಲ್ಸ್, ಸಪ್ಲೈ ಎಲ್ಲ ಉಂಟು, ಎಲ್ಲರೂ ವಾಲಂಟಿಯರ್, ಎಲ್ಲರಿಗೂ ಜಂಪ್, ಎಲ್ಲರಿಗೂ ಮರೂನ್ ಬೆರೆ. ರೆಜಿಮೆಂಟಿನವರ ಪ್ರೊಬೇಷನ್ ನಮ್ಮದಕ್ಕಿಂತ ಗಟ್ಟಿ, ಅದರಲ್ಲಿ ವಾದ ಇಲ್ಲ, ಅವರಿಗೆ ಆ ಗೌರವ ಕೊಡ್ಲೇಬೇಕು. ಆದ್ರೆ ಡ್ರಾಪ್ ಝೋನಲ್ಲಿ ಇಳಿದ ಮೇಲೆ ರೇಡಿಯೋ ಹೊತ್ತವನನ್ನು ಶತ್ರು ನೀನು ಸಿಗ್ನಲ್ಸಾ ಅಂತ ಕೇಳಿ ಬಿಡುದಿಲ್ಲ.

ಧೋನಿ ನಿಜವಾದ ಪ್ಯಾರಾನಾ?

ತುಂಬ ಜನ ಕೇಳುವ ಪ್ರಶ್ನೆ. ಧೋನಿಗೆ 2011ರಲ್ಲಿ ಟೆರಿಟೋರಿಯಲ್ ಆರ್ಮಿಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಕೊಟ್ಟರು, ಬೆಟಾಲಿಯನ್ ಬೆಂಗಳೂರಿನ 106 ಟಿಎ ಪ್ಯಾರಾ. ಹುದ್ದೆ ಗೌರವದ್ದಾದ್ರೂ ವಿಂಗ್ಸ್ ಗೌರವದ್ದಲ್ಲ, 2015ರ ಆಗಸ್ಟಲ್ಲಿ ಆಗ್ರಾಕ್ಕೆ ಹೋಗಿ ಟ್ರೈನಿಂಗ್ ಮಾಡಿ ಐದು ಜಂಪ್ ಮಾಡಿ ತೆಗೊಂಡದ್ದು. 2019ರಲ್ಲಿ ಕಾಶ್ಮೀರದಲ್ಲಿ ಬೆಟಾಲಿಯನ್ ಜೊತೆ ಡ್ಯೂಟಿ ಕೂಡ ಮಾಡಿದ್ರು. ಹಾಗಾಗಿ ವಿಂಗ್ಸ್ ನಿಜ, ಪ್ರೀತಿ ನಿಜ. ವರ್ಷಾನುಗಟ್ಟಲೆ ಬೆಟಾಲಿಯನಲ್ಲಿ ಇದ್ದು ಇದನ್ನೇ ಜೀವನ ಮಾಡ್ಕೊಂಡ ಪ್ಯಾರಾಟ್ರೂಪರಿಗೆ ಅವರನ್ನು ಹೋಲಿಸುದು ಮಾತ್ರ ಬೇಡ.

ಎನ್‌ಸಿಸಿಯಲ್ಲಿ ಪ್ಯಾರಾ ಕೋರ್ಸ್ ಮಾಡಿದ್ರೆ?

ಒಳ್ಳೇದು, ಸಿಕ್ಕಿದ್ರೆ ಬಿಡ್ಬೇಡಿ. ಕೆಡೆಟ್‌ಗಳಿಗೂ ಆಗ್ರಾದಲ್ಲಿ ಜಂಪ್ ಮಾಡುವ ಅವಕಾಶ ಉಂಟು. ಧೈರ್ಯ ಬರ್ತದೆ, ಮುಂದೆ ಆಫೀಸರ್ ಆಯ್ಕೆಯ ಎಸ್‌ಎಸ್‌ಬಿ ಇಂಟರ್‌ವ್ಯೂನಲ್ಲಿ ಮಾತಾಡ್ಲಿಕ್ಕೆ ವಿಷಯ ಸಿಗ್ತದೆ. ಸೈನಿಕ ಆಗುದು ಅದರ ನಂತರದ ಮಾತು. ಬೀಚಲ್ಲಿ ಬೋಟಿಗೆ ಕಟ್ಟಿ ಎಳೆಯುವ ಪ್ಯಾರಾಸೈಲಿಂಗಿಗೂ ಇದಕ್ಕೂ ಸಂಬಂಧವೇ ಇಲ್ಲ.

ಬೇರೆ ದೇಶದಲ್ಲಿ ಹೇಗೆ?

ಅಮೆರಿಕದಲ್ಲಿ ಮೂರು ವಾರದ ಕೋರ್ಸ್, ಐದು ಜಂಪ್, ಬ್ಯಾಡ್ಜ್ ಸಿಗ್ತದೆ. ಮೇಲಿನ ಹಂತದ ಸೀನಿಯರ್ ಬ್ಯಾಡ್ಜಿಗೆ 30 ಜಂಪ್, ಮಾಸ್ಟರ್ ಬ್ಯಾಡ್ಜಿಗೆ 65 ಬೇಕು, ಜಂಪಿನ ಜೊತೆ ಬೇರೆ ಅರ್ಹತೆಗಳೂ ಬೇಕು. ಅಲ್ಲೂ ಬರೇ ಐದು ಜಂಪ್ ಮಾಡಿ ಬೇರೆ ಯೂನಿಟಿಗೆ ಹೋದವರನ್ನು ಏರ್‌ಬೋರ್ನ್ ಡಿವಿಷನಿನವರು ತಮ್ಮವರು ಅಂತ ಪೂರ್ತಿ ಒಪ್ಪುದಿಲ್ಲ. ಬ್ರಿಟನ್ನಿನ ಕ್ರಮ ನನಗೆ ಹೆಚ್ಚು ಇಷ್ಟ, ಅಲ್ಲಿ ಮೊದಲು ಪಿ ಕಂಪನಿ ಅನ್ನುವ ಪರೀಕ್ಷೆ, ಆಮೇಲೆ ಜಂಪ್. ಪಿ ಕಂಪನಿಯಲ್ಲಿ 35 ಪೌಂಡ್ ಭಾರ ಹೊತ್ತು, ರೈಫಲ್ ಹಿಡಿದು, 10 ಮೈಲಿಯನ್ನು 1 ಗಂಟೆ 50 ನಿಮಿಷದಲ್ಲಿ ಮುಗಿಸಬೇಕು, ಮರದ ದಿಮ್ಮಿ ಹೊತ್ತು ಓಡಬೇಕು, ಎತ್ತರದ ಕಂಬಿಗಳ ಮೇಲೆ ನಡೀಬೇಕು, ಒಂದು ನಿಮಿಷ ಎದುರಾಳಿ ಜೊತೆ ಹಿಂದೆ ಸರಿಯದೆ ಗುದ್ದಾಡಬೇಕು. ಮೊದಲು ಮನುಷ್ಯನನ್ನು ನೋಡುದು, ಆಮೇಲೆ ಪ್ಯಾರಾಶೂಟ್ ಕೊಡುದು.

ಹೆಣ್ಣುಮಕ್ಕಳು?

ಇನ್‌ಫೆಂಟ್ರಿಗೆ ಮತ್ತು ಹಾಗಾಗಿ ಪ್ಯಾರಾ ಬೆಟಾಲಿಯನ್ನಿಗೆ ಇನ್ನೂ ಅವಕಾಶ ಇಲ್ಲ. ಆದ್ರೆ ಹಾರುದು ಹೊಸತಲ್ಲ, ಏರ್‌ಫೋರ್ಸಿನ ಡಾಕ್ಟರ್ ಗೀತಾ ಚಂದಾ 1959ರಲ್ಲೇ ಜಂಪ್ ಮಾಡಿದ್ದಾರೆ. ಟರ್ಕಿಗೆ ಹೋದ ಪ್ಯಾರಾ ಆಸ್ಪತ್ರೆಯ ತಂಡದಲ್ಲೂ ಮಹಿಳಾ ಡಾಕ್ಟರ್ ಇದ್ರು. ಮೆಡಿಕಲ್ ಓದುವ ನಮ್ಮೂರಿನ ಹುಡುಗಿಯರು ಈ ದಾರಿ ಉಂಟು ಅಂತ ತಿಳ್ಕೊಳ್ಳಿ.

ಕರಾವಳಿ ಹುಡುಗರಿಗೆ ಇದು ಆಗ್ತದಾ? ತಯಾರಿ ಹೇಗೆ?

ಯಾಕೆ ಆಗುದಿಲ್ಲ? ನಮ್ಮಲ್ಲಿ ಬ್ಯಾಂಕ್, ಇಂಜಿನಿಯರಿಂಗ್, ಗಲ್ಫ್, ಇಲ್ಲದಿದ್ರೆ ಮುಂಬೈ ಹೋಟೆಲ್, ಇದೇ ದಾರಿ ಅಂತ ಅಭ್ಯಾಸ ಆಗಿ ಹೋಗಿದೆ, ಕೊಡಗಿನಲ್ಲಿ ಮನೆಮನೆಯಲ್ಲಿ ಕೇಳುವ ಆರ್ಮಿ ಮಾತು ಇಲ್ಲಿ ಕೇಳುದಿಲ್ಲ, ಹಾಗಾಗಿ ಹುಡುಗರಿಗೆ ಹೇಳುವವರು ಕಡಿಮೆ. ತಾಕತ್ತು ಕಡಿಮೆ ಇಲ್ಲ. ಈ ಸೆಕೆಯಲ್ಲಿ ಓಡಿ ಅಭ್ಯಾಸ ಆದವನಿಗೆ ಬೆಂಗಳೂರಿನ ಹವೆ ಆರಾಮ, ಹೊಳೆಯಲ್ಲಿ ಈಜಿ ಬೆಳೆದವನಿಗೆ ನೀರಿನ ಹೆದರಿಕೆ ಇಲ್ಲ, ಅದು ದೊಡ್ಡ ಲಾಭ.

ಮೊದಲು ಅಗ್ನಿವೀರ್ ಪಾಸಾಗುದು ನೋಡಿ. ಆನ್‌ಲೈನ್ ಪರೀಕ್ಷೆ, ಮತ್ತೆ ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ, ಪುಲ್ಅಪ್, 9 ಅಡಿ ಹೊಂಡ ಹಾರುದು, ಬ್ಯಾಲೆನ್ಸ್. ಪುಲ್ಅಪ್ಪಲ್ಲಿ ನಮ್ಮ ಹುಡುಗರು ಹಿಂದೆ ಬೀಳ್ತಾರೆ, ಓಟ ಓಟ ಅಂತ ಅದನ್ನೇ ಮಾಡ್ತಾರೆ. ದಿನಾ ನೇತಾಡಿ. ಮರಳಲ್ಲಿ ಓಡುದು ವಾರಕ್ಕೆ ಒಂದೆರಡು ದಿನ ಸಾಕು, ಮಲ್ಪೆ ಪಣಂಬೂರು ಮರಳಲ್ಲಿ ದಿನಾ ಓಡಿ ಪಾದದ ಗಂಟು ಹಾಳು ಮಾಡ್ಕೊಂಡು ರ‍್ಯಾಲಿ ದಿನ ಕುಂಟುವ ಹುಡುಗರನ್ನು ನೋಡಿ ಬೇಜಾರಾಗ್ತದೆ.

ಪ್ಯಾರಾ ಕನಸಿದ್ರೆ ಅದರ ಮೇಲೆ ಬೇರೆ ತಯಾರಿ ಬೇಕು. ಬೆನ್ನಿಗೆ ಬ್ಯಾಗ್ ಹಾಕಿ ವೇಗವಾಗಿ ನಡೆಯುದು ಕಲೀರಿ, ಭಾರ ಸ್ವಲ್ಪ ಸ್ವಲ್ಪವೇ ಏರಿಸಿ, ಭಾರ ಹೊತ್ತು ಓಡುದು ಬೇಡ, ಮೊಣಕಾಲು ಹೋಗ್ತದೆ. ಬೆಳ್ತಂಗಡಿ ಕಡೆಯವರಿಗೆ ಗಡಾಯಿಕಲ್ಲು ಉಂಟು, ಆ ಮೆಟ್ಟಿಲು ಹತ್ತಿ ಇಳಿದ್ರೆ ತೊಡೆ ತಯಾರಾಗ್ತದೆ, ಮಳೆಗಾಲದಲ್ಲಿ ಮಾತ್ರ ಬೇಡ. ಹಿಂದಿ ಕಲೀರಿ, ಇದನ್ನು ಒತ್ತಿ ಹೇಳ್ತೇನೆ, ಆದೇಶ ಅರ್ಥ ಆಗದಿದ್ರೆ ಎಷ್ಟು ಫಿಟ್ ಇದ್ರೂ ಹಿಂದೆ ಬೀಳ್ತೀರಿ. ಕಣ್ಣು, ಕಿವಿ, ಚಪ್ಪಟೆ ಪಾದ, ತಟ್ಟಿಕೊಳ್ಳುವ ಮೊಣಕಾಲು, ಇವನ್ನೆಲ್ಲ ಈಗಲೇ ಡಾಕ್ಟರಲ್ಲಿ ತೋರಿಸಿ.

ಆಫೀಸರ್ ಆಗಿ ಪ್ಯಾರಾಗೆ ಹೋಗ್ಲಿಕ್ಕೆ?

ಎನ್‌ಡಿಎ, ಸಿಡಿಎಸ್, ಟೆಕ್ನಿಕಲ್ ಎಂಟ್ರಿ ಯಾವುದಾದ್ರೂ ದಾರಿಯಲ್ಲಿ ಅಕಾಡೆಮಿಗೆ ಹೋಗಿ, ಅಲ್ಲಿ ಪ್ಯಾರಾ ಕೇಳಬಹುದು, ಅಥವಾ ಬೇರೆ ಆರ್ಮ್‌ಗೆ ಹೋಗಿ ಆಮೇಲೆ ವಾಲಂಟಿಯರ್ ಆಗಬಹುದು. ಆಫೀಸರಿಗೂ ಅದೇ ಪ್ರೊಬೇಷನ್, ಜವಾನರ ಜೊತೆ, ಅವರ ಕಣ್ಣೆದುರು.

ಅಪಾಯ ಎಷ್ಟುಂಟು? ಒಬ್ಬನೇ ಮಗ.

ಅಮ್ಮಂದಿರು ಇದನ್ನು ಕೇಳುವಾಗ ಸುಳ್ಳು ಸಮಾಧಾನ ಹೇಳ್ಲಿಕ್ಕೆ ನನಗೆ ಆಗುದಿಲ್ಲ. ಜಂಪಲ್ಲಿ ಪೆಟ್ಟಾಗುದು ಉಂಟು, ಹೆಚ್ಚಾಗಿ ಕಾಲು, ಮೊಣಕಾಲು, ಬೆನ್ನು. ಕೆಲಸದಲ್ಲಿ ಜೀವದ ಅಪಾಯ ಉಂಟು. 2023ರ ನವೆಂಬರಲ್ಲಿ ರಜೌರಿಯಲ್ಲಿ ನಮ್ಮ ಮಂಗಳೂರಿನ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಹುತಾತ್ಮರಾದ್ರು. ಅವರು ಪ್ಯಾರಾದವರಲ್ಲ, 63 ರಾಷ್ಟ್ರೀಯ ರೈಫಲ್ಸ್‌ನಲ್ಲಿದ್ದವರು. ಅದೇ ಕಾರ್ಯಾಚರಣೆಯಲ್ಲಿ 9 ಪ್ಯಾರಾದ ಕ್ಯಾಪ್ಟನ್ ಶುಭಂ ಗುಪ್ತಾ ಮತ್ತವರ ಜೊತೆಯವರೂ ಹೋದ್ರು. ಬೆರೆಯ ಬಣ್ಣ ನೋಡಿ ಗುಂಡು ಬರುದಿಲ್ಲ ಅಕ್ಕ. ಮಗನಿಗೆ ನಿಜವಾಗಿ ಮನಸ್ಸುಂಟಾ, ಅಥವಾ ವಿಡಿಯೋ ನೋಡಿ ಬಂದ ಹುಮ್ಮಸ್ಸಾ ಅಂತ ನೀವೇ ಕೂತು ಮಾತಾಡಿ. ನಿಜವಾದ ಮನಸ್ಸಿದ್ರೆ ತಡೀಬೇಡಿ, ಅರೆ ಮನಸ್ಸಿದ್ರೆ ಪ್ರೊಬೇಷನ್ನೇ ಅವನನ್ನು ವಾಪಸ್ ಕಳಿಸ್ತದೆ.

ಬಲಿದಾನ್ ಬ್ಯಾಡ್ಜ್ ಟೀಶರ್ಟ್, ಬೈಕಿಗೆ ಸ್ಟಿಕ್ಕರ್ ಹಾಕಬಹುದಾ?

ಹಾಕ್ಬೇಡಿ ಅಂತ ನನ್ನ ವಿನಂತಿ. ಅದನ್ನು ಸಂಪಾದಿಸಿದವರಲ್ಲಿ ಸುಮಾರು ಜನ ಈಗ ಬದುಕಿಲ್ಲ. ಸೈನಿಕ ಅಂತ ನಂಬಿಸ್ಲಿಕ್ಕೆ ಯೂನಿಫಾರ್ಮ್, ಗುರುತು ಹಾಕುದು ಕಾನೂನು ಪ್ರಕಾರವೂ ಅಪರಾಧ.

ಯಾರೋ ದುಡ್ಡು ಕೊಟ್ರೆ ಪ್ಯಾರಾ ಸೀಟ್ ಮಾಡಿಸಿ ಕೊಡ್ತಾರಂತೆ, ಹೌದಾ?

ಶುದ್ಧ ಮೋಸ. ಸೇನಾ ನೇಮಕಾತಿಯಲ್ಲಿ ಯಾರಿಗೂ ದುಡ್ಡು ಕೊಡ್ಲಿಕ್ಕಿಲ್ಲ, ಪ್ಯಾರಾಗೆ ಸೀಟ್ ಅಂತಲೇ ಒಂದಿಲ್ಲ, ಅದು ಒಳಗೆ ಹೋದ ಮೇಲೆ ವಾಲಂಟಿಯರ್ ಆಗಿ ಪಾಸಾಗುದು. ಅರ್ಜಿ ಹಾಕುದು ಜಾಯಿನ್ ಇಂಡಿಯನ್ ಆರ್ಮಿ ವೆಬ್‌ಸೈಟಲ್ಲಿ ಮಾತ್ರ. ಅನುಮಾನ ಇದ್ರೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿಗೇ ಹೋಗಿ ಕೇಳಿ, ಅಪ್ಪನನ್ನೋ ಅಣ್ಣನನ್ನೋ ಕರ್ಕೊಂಡು ಹೋಗಿ, ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇರುವ ಹೆಸರು, ಹುಟ್ಟಿದ ತಾರೀಕು ಆಧಾರಲ್ಲಿ ಇರುದಕ್ಕೆ ಸರಿ ಹೊಂದ್ತದಾ ಅಂತ ಮೊದಲೇ ನೋಡ್ಕೊಳ್ಳಿ, ಅದರಲ್ಲೇ ಸುಮಾರು ಹುಡುಗರು ಸಿಕ್ಕಿ ಬೀಳ್ತಾರೆ.